ಆಲ್ಬಂ ಇಷ್ಟ, ಶೋ ಬೇಸರ: ಒಂದು ಕನ್ನಡ ಬ್ಯಾಂಡಿನ ಪ್ರಕರಣ

ಇದು ಬೆಂಗಳೂರಿನ ಒಂದು ಕನ್ನಡ ಬ್ಯಾಂಡಿನ ಕಥೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಬ್ಯಾಂಡಿನ ಹೆಸರು, ಶೋ ನಡೆದ ಊರುಗಳ ಹೆಸರು ಹೇಳುವುದಿಲ್ಲ. ಗುರುತು ಸಿಗುವಂಥ ಕೆಲವು ವಿವರಗಳನ್ನು ಬದಲಿಸಿದ್ದೇನೆ. ನಾನು ಲೈವ್ ಸೌಂಡ್ ಕೆಲಸ ಮಾಡುವವನು. ಶೋಗಳ ಬಗ್ಗೆ ದೂರು ಜಾಸ್ತಿಯಾದಾಗ ಅವರು ನನ್ನನ್ನು ಕರೆದರು. ಆಮೇಲೆ ಸುಮಾರು ಕಾಲ ಅವರ ಜೊತೆಗೇ ಓಡಾಡಿದೆ. ಇಂಥದ್ದೇ ಪರಿಸ್ಥಿತಿಯಲ್ಲಿರುವ ಬ್ಯಾಂಡುಗಳು ಇನ್ನೂ ಇವೆ. ಅವರಿಗೆ ಉಪಯೋಗವಾಗಲಿ ಅಂತ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಹಿನ್ನೆಲೆ

ಐದು ಜನರ ತಂಡ. ಗಾಯಕರೇ ಗಿಟಾರ್ ನುಡಿಸುತ್ತಾರೆ. ಉಳಿದಂತೆ ಬೇಸ್ ಗಿಟಾರ್, ಡ್ರಮ್ಸ್, ಬಿದಿರಿನ ಕೊಳಲು, ತಮಟೆ. ತಮಟೆ ಬಾರಿಸುವವರೇ ಬೇಕಾದಾಗ ಏಕತಾರಿ ಹಿಡಿಯುತ್ತಾರೆ. ಹಾಡುವುದು ತತ್ವಪದ, ವಚನ, ಜೊತೆಗೆ ತಾವೇ ಬರೆದ ಪದಗಳು.

ಮೊದಲ ಆಲ್ಬಂ ಆಗಿದ್ದು 2020ರ ಲಾಕ್‌ಡೌನ್‌ನಲ್ಲಿ. ಒಬ್ಬೊಬ್ಬರೂ ತಮ್ಮ ತಮ್ಮ ಮನೆಯಲ್ಲಿ ರೆಕಾರ್ಡ್ ಮಾಡಿ ಫೈಲ್ ಕಳಿಸುತ್ತಿದ್ದರು. ಗಾಯಕರು ರಾತ್ರಿ ಬೀದಿ ಸದ್ದು ಅಡಗಿದ ಮೇಲೆ ಕೋಣೆಯ ಬಾಗಿಲಿಗೆ ಕಂಬಳಿ ಕಟ್ಟಿಕೊಂಡು ಹಾಡುತ್ತಿದ್ದರು. ಮೈಕಿಗೆ ತುಟಿ ತಾಗಿಸಿ, ಮೆಲ್ಲಗೆ, ಉಸಿರು ಕೇಳುವ ಹಾಗೆ. ಒಂದೇ ಸಾಲನ್ನು ಎಷ್ಟೋ ಸಲ ಹಾಡಿ ಚೆನ್ನಾಗಿ ಬಂದ ತುಣುಕನ್ನು ಆಯ್ದುಕೊಳ್ಳುತ್ತಿದ್ದರು. ಒಂದು ಕಂಠದ ಮೇಲೆ ಇನ್ನೊಂದು, ಮತ್ತೊಂದು, ಎಲ್ಲವೂ ಅವರದೇ. ಕೊಳಲು ಮೂರು ಪದರ. ಗಿಟಾರ್ ನಾಲ್ಕು.

ಆ ಆಲ್ಬಂ ನಿಜಕ್ಕೂ ಚೆನ್ನಾಗಿದೆ. ಮನೆಯಲ್ಲೇ ಕೂತಿದ್ದ ಜನ ಇಯರ್‌ಫೋನ್ ಹಾಕಿಕೊಂಡು ಕೇಳಿದರು, ಒಬ್ಬರಿಂದೊಬ್ಬರಿಗೆ ಹಬ್ಬಿಸಿದರು. ಕಾರ್ಯಕ್ರಮಗಳು ಮತ್ತೆ ಶುರುವಾಗುವ ಹೊತ್ತಿಗೆ ಬ್ಯಾಂಡಿಗೆ ದೊಡ್ಡ ಬೇಡಿಕೆ ಬಂದಿತ್ತು. ಎಂಜಿನಿಯರಿಂಗ್ ಕಾಲೇಜಿನ ಫೆಸ್ಟ್, ಗಣೇಶೋತ್ಸವ, ಜಿಲ್ಲಾ ಉತ್ಸವ. ನವೆಂಬರ್ ಬಂತೆಂದರೆ ಐಟಿ ಕಂಪನಿಗಳ ರಾಜ್ಯೋತ್ಸವ.

ಒಂದು ಸಂಗತಿಯನ್ನು ಮಾತ್ರ ಯಾರೂ ಗಮನಿಸಿರಲಿಲ್ಲ. ಐದೂ ಜನ ಒಂದೇ ಕೋಣೆಯಲ್ಲಿ ಕೂತು ಆ ಹಾಡುಗಳನ್ನು ಒಮ್ಮೆಯೂ ಪೂರ್ತಿ ನುಡಿಸಿರಲಿಲ್ಲ. ಹಾಡು ಮೊದಲು ರೆಕಾರ್ಡ್ ಆಗಿತ್ತು, ಬ್ಯಾಂಡ್ ಆಮೇಲೆ ಹುಟ್ಟಿತ್ತು. ಮುಂದಿನ ತೊಂದರೆಗಳೆಲ್ಲ ಇಲ್ಲಿಂದಲೇ ಶುರುವಾದವು ಎನ್ನುವುದು ನನ್ನ ಅಭಿಪ್ರಾಯ.

ಸಮಸ್ಯೆ

ಶೋ ಮುಗಿದ ಮೇಲೆ ಬರುತ್ತಿದ್ದ ದೂರುಗಳು ಹೆಚ್ಚುಕಡಿಮೆ ಒಂದೇ ಥರ ಇದ್ದವು. ಸಾಹಿತ್ಯ ಕೇಳಿಸಲ್ಲ. ಗಾಯಕರು ಕಿರುಚ್ತಾರೆ. ಆಲ್ಬಂನಲ್ಲಿ ಇದ್ದ ಹಾಗಿಲ್ಲ. ಬರೀ ಡ್ರಮ್ಸ್. ಹೀಗೆ ಹೇಳುತ್ತಿದ್ದವರು ಸುಮ್ಮನೆ ಬಂದು ಹೋಗುವ ಜನ ಅಲ್ಲ. ಪ್ರತಿ ಹಾಡಿನ ಪ್ರತಿ ಸಾಲೂ ಬಾಯಿಗೆ ಬರುವ ಅಭಿಮಾನಿಗಳು. ಒಂದು ಶೋಗೆ ಆರೇಳು ಹುಡುಗರು ಬೇರೆ ಜಿಲ್ಲೆಯಿಂದ ರಾತ್ರಿ ಬಸ್ ಹತ್ತಿ ಬಂದಿದ್ದರು. ನಾಲ್ಕನೇ ಹಾಡಿಗೆ ಎದ್ದು ಹೊರಗೆ ಹೋಗಿ ಚಹಾ ಅಂಗಡಿ ಹತ್ತಿರ ನಿಂತಿದ್ದರು. ಅದನ್ನು ಕೊಳಲಿನವರು ವೇದಿಕೆಯಿಂದಲೇ ನೋಡಿದರು. ಬ್ಯಾಂಡಿನೊಳಗೆ ಮೊದಲು ಗಾಬರಿಯಾದದ್ದು ಅವರಿಗೇ.

ನಾನು ಮೊದಲ ಸಲ ನೋಡಿದ ಶೋ ಒಂದು ಜಿಲ್ಲಾ ಕೇಂದ್ರದ ಕಾಲೇಜು ಮೈದಾನದಲ್ಲಿ. ಏಳು ಗಂಟೆಗೆ ಶುರುವಾಗಬೇಕಿತ್ತು. ಮೊದಲು ದೀಪ ಬೆಳಗಿದರು, ಸ್ವಾಗತ ಭಾಷಣ, ಮುಖ್ಯ ಅತಿಥಿಗಳ ಭಾಷಣ, ಸನ್ಮಾನ. ಪೇಟ, ಶಾಲು, ಹಣ್ಣಿನ ಬುಟ್ಟಿ. ಬ್ಯಾಂಡಿಗೆ ವೇದಿಕೆ ಸಿಕ್ಕಾಗ ಒಂಬತ್ತು ದಾಟಿತ್ತು. ಶಬ್ದ ಮಾಲಿನ್ಯದ 2000ದ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ವಿಶೇಷ ಅನುಮತಿ ಇರಲಿಲ್ಲ, ಪೊಲೀಸರು ಬಂದು ನಿಂತೇ ಇದ್ದರು. ಒಂದೂವರೆ ಗಂಟೆಯ ಕಾರ್ಯಕ್ರಮ ಮುಕ್ಕಾಲು ಗಂಟೆಗೆ ಇಳಿಯಿತು. ಸೌಂಡ್ ಚೆಕ್, ಅಂದರೆ ಶೋಗೆ ಮೊದಲು ಸದ್ದು ಹದಮಾಡಿಕೊಳ್ಳುವುದು, ಆಗಲೇ ಇಲ್ಲ. ಅವರಿಗಿಟ್ಟ ಹೊತ್ತಿನಲ್ಲಿ ಭರತನಾಟ್ಯದ ಮಕ್ಕಳು ಅಭ್ಯಾಸ ಮಾಡುತ್ತಿದ್ದರು.

ಮುಂದಿನ ಸಾಲುಗಳಲ್ಲಿ ಗಣ್ಯರ ಸೋಫಾ. ಅದರ ಹಿಂದೆ ಬ್ಯಾರಿಕೇಡ್. ಹಾಡು ಗೊತ್ತಿರುವ ಹುಡುಗ ಹುಡುಗಿಯರೆಲ್ಲ ಅದರಾಚೆ. ಮೈದಾನ ಉದ್ದ ಇತ್ತು ಅಂತ ವೇದಿಕೆಯಿಂದ ಸುಮಾರು 35 ಮೀಟರ್ ದೂರದಲ್ಲಿ ಇನ್ನೊಂದು ಜೊತೆ ಸ್ಪೀಕರ್ ನಿಲ್ಲಿಸಿದ್ದರು. ನಾನು ಅಲ್ಲಿ ಹೋಗಿ ನಿಂತೆ. ಪ್ರತಿ ಮಾತೂ ಎರಡು ಸಲ ಕೇಳುತ್ತಿತ್ತು. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ವೇದಿಕೆಯ ಸ್ಪೀಕರಿನ ಶಬ್ದ 35 ಮೀಟರ್ ದಾಟಲು ಸುಮಾರು 100 ಮಿಲಿಸೆಕೆಂಡ್ ಬೇಕು. ವೈರಿನಲ್ಲಿ ಬಂದದ್ದು ಆ ಕ್ಷಣವೇ ಬಂದುಬಿಡುತ್ತದೆ. ಹಿಂದಿನ ಸ್ಪೀಕರನ್ನು ಅಷ್ಟೇ ಹೊತ್ತು ತಡ ಮಾಡಿಸಬೇಕು. ಎಲ್ಲರ ಸದ್ದನ್ನೂ ಬೆರೆಸಿ ಹದಮಾಡುವ ಮಿಕ್ಸರಿನಲ್ಲಿ ಅದಕ್ಕೆ ಸೌಲಭ್ಯವೂ ಇತ್ತು. ಯಾರೂ ಮಾಡಿರಲಿಲ್ಲ.

ಬಾಡಿಗೆ ಸೌಂಡಿನವರು ಡಿಜೆ ಕಾರ್ಯಕ್ರಮಗಳಿಗೆ ಒಗ್ಗಿದವರು. ಬೇಸ್, ಅಂದರೆ ಕೆಳಗಿನ ಗುಡುಗುವ ಸದ್ದನ್ನು, ಏರಿಸಿಟ್ಟಿದ್ದರು. ಮಾತು ಸ್ಪಷ್ಟವಾಗುವುದು ವ್ಯಂಜನಗಳಿಂದ. ಅವುಗಳ ಬಲ ಮುಖ್ಯವಾಗಿ 2000ದಿಂದ 4000 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ) ಆಸುಪಾಸಿನಲ್ಲಿ ಇರುತ್ತದೆ. ಕೆಳಗಿನ ಸದ್ದು ಮೈದಾನ ತುಂಬಿಕೊಂಡರೆ ಕಲ್ಲು, ಹಲ್ಲು ಎರಡೂ ಒಂದೇ ಥರ ಕೇಳುತ್ತದೆ. ತತ್ವಪದದಲ್ಲಿ ಮಾತೇ ಕೇಳಿಸದಿದ್ದರೆ ಉಳಿಯುವುದು ಏನು?

ಇಷ್ಟು ಹೊರಗಿನವರ ತಪ್ಪು ಅನ್ನಬಹುದು. ಆದರೆ ವೇದಿಕೆಯ ಮೇಲೂ ಸರಿ ಇರಲಿಲ್ಲ. ಡ್ರಮ್ಸ್ ಜೋರು. ಅದರ ಮೇಲೆ ಕೇಳಲಿ ಅಂತ ಗಿಟಾರ್ ಆಂಪ್ (ಗಿಟಾರಿನ ಸದ್ದು ಹೆಚ್ಚಿಸುವ ಪೆಟ್ಟಿಗೆ) ಜೋರು. ಅದರ ಮೇಲೆ ಬೇಸ್. ಗಾಯಕರಿಗೆ ತಮ್ಮ ದನಿಯೇ ಕೇಳುತ್ತಿರಲಿಲ್ಲ. ಗದ್ದಲದಲ್ಲಿ ಮನುಷ್ಯ ತನಗೆ ಗೊತ್ತಿಲ್ಲದ ಹಾಗೇ ದನಿ ಏರಿಸುತ್ತಾನೆ. ಫ್ರಾನ್ಸಿನ ವೈದ್ಯ ಎತಿಯೆನ್ ಲೊಂಬಾರ್ 1911ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಕಂಬಳಿ ಕಟ್ಟಿದ ಕೋಣೆಯಲ್ಲಿ ಪಿಸುದನಿಯಲ್ಲಿ ಹಾಡಿದ ಪದವನ್ನು ಅವರು ಮೈದಾನದಲ್ಲಿ ಕತ್ತಿನ ನರ ಉಬ್ಬಿಸಿ ಹಾಡುತ್ತಿದ್ದರು. ಮೂರನೇ ಹಾಡಿಗೆ ಗಂಟಲು ಕಟ್ಟುತ್ತಿತ್ತು.

ತಮಟೆಯ ಪಾಡು ಇನ್ನೊಂದು. ನವೆಂಬರ್ ರಾತ್ರಿ ಮಂಜು ಇಳಿದರೆ ಚರ್ಮ ತೇವ ಹೀರಿ ಸಡಿಲ ಆಗುತ್ತದೆ. ಹಳ್ಳಿಯಲ್ಲಾದರೆ ಒಂದಿಷ್ಟು ಗರಿ, ಹುಲ್ಲು ಹೊತ್ತಿಸಿ ಕಾಯಿಸಿಕೊಳ್ಳುತ್ತಾರೆ. ಇಲ್ಲಿ ಬೆಂಕಿಗೆ ಅನುಮತಿ ಇಲ್ಲ. ತಮಟೆ ಸೋತು, ರಟ್ಟಿನ ಡಬ್ಬದ ಸದ್ದು ಬರುತ್ತಿತ್ತು. ಅದನ್ನು ಸರಿಮಾಡಲು ಸೌಂಡಿನವರು ಇನ್ನಷ್ಟು ಬೇಸ್ ಕೊಟ್ಟರು.

ಮೊದಲು ಮಾಡಿ ನೋಡಿದ್ದು

ನಾನು ಬರುವ ಮೊದಲೇ ಬ್ಯಾಂಡ್ ಎರಡು ದಾರಿ ಹಿಡಿದಿತ್ತು. ಒಂದು, ದೊಡ್ಡ ಸೌಂಡ್ ಸಿಸ್ಟಂ ಕೇಳುವುದು. ಅದರಿಂದ ಗೊಂದಲವೇ ದೊಡ್ಡದಾಯಿತು, ಅಷ್ಟೇ. ಎರಡನೆಯದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು.

ಆಲ್ಬಂನಲ್ಲಿ ಇದ್ದ ಹಾಗಿಲ್ಲ ಎಂಬ ಮಾತು ಅವರನ್ನು ಚುಚ್ಚಿತ್ತು. ಹಾಗಾದರೆ ಆಲ್ಬಂನದ್ದನ್ನೇ ವೇದಿಕೆಗೆ ತರೋಣ ಅಂದುಕೊಂಡರು. ಲ್ಯಾಪ್‌ಟಾಪಿನಲ್ಲಿ ಟ್ರ್ಯಾಕ್, ಅಂದರೆ ಮೊದಲೇ ರೆಕಾರ್ಡ್ ಆದ ಸದ್ದು, ಹಾಕಿದರು. ಕೋರಸ್ ಕಂಠಗಳು, ಹೆಚ್ಚಿನ ಕೊಳಲು, ಹೆಚ್ಚಿನ ಗಿಟಾರ್ ಎಲ್ಲ ಅಲ್ಲಿಂದ ಬರುತ್ತಿದ್ದವು. ಡ್ರಮ್ಸ್ ನುಡಿಸುವವರ ಕಿವಿಯಲ್ಲಿ ಟ್ರ್ಯಾಕಿನ ತಾಳ ಹೇಳುವ ಕ್ಲಿಕ್ ಸದ್ದು. ಟ್ರ್ಯಾಕ್ ಬಳಸುವುದು ತಪ್ಪೇನಲ್ಲ, ಜಗತ್ತಿನ ತುಂಬ ಬ್ಯಾಂಡುಗಳು ಬಳಸುತ್ತವೆ. 1989ರ ಜುಲೈನಲ್ಲಿ ಅಮೆರಿಕದ ಬ್ರಿಸ್ಟಲ್ ಎಂಬಲ್ಲಿ ಮಿಲಿ ವನಿಲಿ ಎಂಬ ಪಾಪ್ ಜೋಡಿಯ ಟ್ರ್ಯಾಕ್ ವೇದಿಕೆಯಲ್ಲೇ ಸಿಕ್ಕಿಕೊಂಡು ಒಂದೇ ಸಾಲು ಮತ್ತೆ ಮತ್ತೆ ಬಂತು. ಆಮೇಲೆ ಆಲ್ಬಂನಲ್ಲಿ ಹಾಡಿದ್ದೇ ಅವರಲ್ಲ ಅಂತ ಹೊರಬಿದ್ದು, 1990ರಲ್ಲಿ ಅವರ ಗ್ರ್ಯಾಮಿ ಪ್ರಶಸ್ತಿ ವಾಪಸ್ ಹೋಯಿತು. ನಮ್ಮ ಬ್ಯಾಂಡಿನದು ಆ ಥರದ ಮೋಸ ಅಲ್ಲ. ಅವರ ಕಂಠ, ಅವರದೇ ಕೊಳಲು. ತೊಂದರೆ ಬಂದದ್ದು ಬೇರೆ ಕಡೆಯಿಂದ.

ಒಂದು ಕಾಲೇಜು ಫೆಸ್ಟ್. ಅವರ ಜನಪ್ರಿಯ ಹಾಡೊಂದು ನಡೆಯುತ್ತಿತ್ತು. ಎರಡನೇ ಚರಣ ಮುಗಿದು ಪಲ್ಲವಿಗೆ ಬಂದಾಗ ಮೈದಾನದ ಹುಡುಗರು ಒಟ್ಟಿಗೆ ಹಾಡತೊಡಗಿದರು. ಪಲ್ಲವಿ ಮುಗಿದರೂ ನಿಲ್ಲಿಸಲಿಲ್ಲ, ಮತ್ತೆ ಅದೇ ಎತ್ತಿಕೊಂಡರು. ಯಾವ ಬ್ಯಾಂಡಿಗಾದರೂ ಇದಕ್ಕಿಂತ ದೊಡ್ಡ ಉಡುಗೊರೆ ಬೇಕಾ? ಆದರೆ ಲ್ಯಾಪ್‌ಟಾಪ್ ಮೂರನೇ ಚರಣಕ್ಕೆ ಹೋಗಿಯಾಗಿತ್ತು. ಕ್ಲಿಕ್ ಹೇಳಿದ ಕಡೆ ಡ್ರಮ್ಸ್ ಹೋಯಿತು, ಅದರ ಹಿಂದೆ ಬೇಸ್ ಹೋಯಿತು. ಜನ ಪಲ್ಲವಿಯಲ್ಲಿ, ವೇದಿಕೆ ಚರಣದಲ್ಲಿ. ಗಾಯಕರು ಒಂದು ಕ್ಷಣ ಎರಡರ ನಡುವೆ ನಿಂತು, ಕೊನೆಗೆ ಟ್ರ್ಯಾಕಿನ ಜೊತೆ ಹೋದರು. ಹಾಡುತ್ತಿದ್ದ ಜನ ಒಬ್ಬೊಬ್ಬರೇ ಸುಮ್ಮನಾದರು.

ಅದರ ಮುಂದಿನ ಶೋನಲ್ಲಿ ಕರೆಂಟ್ ಹೋಯಿತು. ಜನರೇಟರ್ ಶುರುವಾಗುವಷ್ಟರಲ್ಲಿ ಲ್ಯಾಪ್‌ಟಾಪಿಗೆ ಜೋಡಿಸಿದ್ದ ಸೌಂಡ್ ಪೆಟ್ಟಿಗೆ ಕೈಕೊಟ್ಟಿತ್ತು. ಹಾಡು ಅಲ್ಲಿಗೇ ನಿಂತಿತು. ಟ್ರ್ಯಾಕ್ ಇಲ್ಲದೆ ಅದನ್ನು ಹೇಗೆ ಮುಂದುವರಿಸಬೇಕು ಅಂತ ಐವರಲ್ಲಿ ಯಾರಿಗೂ ತೋಚಲಿಲ್ಲ. ಜನ ಕರೆಂಟ್ ಹೋದದ್ದನ್ನು ಕ್ಷಮಿಸುತ್ತಾರೆ. ಕರೆಂಟ್ ಬಂದ ಮೇಲೂ ವೇದಿಕೆ ಮೇಲೆ ಐದು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಂತದ್ದನ್ನು ಕ್ಷಮಿಸಲಿಲ್ಲ.

ತಿರುವು

ನಾನು ಹೇಳಿದ ಮೊದಲ ಕೆಲಸಕ್ಕೆ ಖರ್ಚು ಇರಲಿಲ್ಲ. ಮುಂದಿನ ಶೋದಲ್ಲಿ ನಾಲ್ಕು ಕಡೆ ಫೋನಿಟ್ಟು ರೆಕಾರ್ಡ್ ಮಾಡಿ: ವೇದಿಕೆಯ ಮುಂದೆ, ಮಿಕ್ಸರ್ ಹತ್ತಿರ, ಮಧ್ಯದಲ್ಲಿ, ಕೊನೆಯಲ್ಲಿ. ಆಮೇಲೆ ಐವರೂ ಒಟ್ಟಿಗೆ ಕೂತು, ಮಧ್ಯೆ ಮಾತಾಡದೆ, ಪೂರ್ತಿ ಕೇಳಿ. ಅದುವರೆಗೆ ಅವರು ನೋಡುತ್ತಿದ್ದದ್ದು ಗೆಳೆಯರು ಮುಂದಿನ ಸಾಲಿನಿಂದ ಹಿಡಿದ ಅರ್ಧ ನಿಮಿಷದ ವಿಡಿಯೋಗಳು. ಅದರಲ್ಲಿ ಎಲ್ಲ ಬ್ಯಾಂಡೂ ಚೆನ್ನಾಗಿಯೇ ಕೇಳುತ್ತದೆ.

ಕೊನೆಯ ಸಾಲಿನ ರೆಕಾರ್ಡಿಂಗ್ ಹಾಕಿದಾಗ ಗಾಯಕರು ನೆಲ ನೋಡುತ್ತಾ ಕೂತರು. ಬೇಸ್ ನುಡಿಸುವವರೇ ಆ ಹಾಡು ಬರೆದವರು. ಎರಡನೇ ಚರಣದಲ್ಲಿ ತಾನು ಬರೆದ ಒಂದು ಪದವೂ ತನಗೇ ಕೇಳಿಸಲಿಲ್ಲ ಅಂದರು. ಆಮೇಲೆ ಜಗಳವಾಯಿತು. ಡ್ರಮ್ಸ್ ಜೋರು ಅಂತ ಒಬ್ಬರು, ನೀನು ಶ್ರುತಿ ಬಿಡುತ್ತೀಯ ಅಂತ ಇನ್ನೊಬ್ಬರು. ನನಗೆ ಆ ಜಗಳ ಒಳ್ಳೆಯದೇ ಅನ್ನಿಸಿತು. ಆವತ್ತಿನವರೆಗೆ ಅವರ ಮಾತೆಲ್ಲ ಆಯೋಜಕರ ಮೇಲೆ, ಸೌಂಡಿನವರ ಮೇಲೆ ಇತ್ತು. ಮೊದಲ ಸಲ ತಾವು ನುಡಿಸುವುದರ ಬಗ್ಗೆ ಮಾತಾಡಿದರು.

ಇಂಗ್ಲೆಂಡಿನ ಬೀಟಲ್ಸ್ ಬ್ಯಾಂಡಿನವರ ಸಂಗತಿ ಆವತ್ತು ಅವರಿಗೆ ಹೇಳಿದೆ. 1965ರ ಆಗಸ್ಟ್ 15ರಂದು ನ್ಯೂಯಾರ್ಕಿನ ಶಿಯಾ ಸ್ಟೇಡಿಯಂನಲ್ಲಿ 55,000ಕ್ಕೂ ಹೆಚ್ಚು ಜನರ ಮುಂದೆ ಅವರು ನುಡಿಸಿದರು. ನುಡಿಸುವವರಿಗೆ ತಮ್ಮ ಸದ್ದು ಕೇಳಿಸುವ ಇವತ್ತಿನ ಥರದ ಮಾನಿಟರ್ ಸ್ಪೀಕರ್ ವೇದಿಕೆಯಲ್ಲಿ ಇರಲಿಲ್ಲ. ಕಿರುಚಾಟದಲ್ಲಿ ತಾವು ನುಡಿಸಿದ್ದು ತಮಗೇ ಕೇಳುತ್ತಿರಲಿಲ್ಲ. ಮರುವರ್ಷ ಆಗಸ್ಟ್ 29ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೊನೆಯ ಟಿಕೆಟ್ ಶೋ ಮಾಡಿ ಪ್ರವಾಸವನ್ನೇ ಬಿಟ್ಟರು, ಸ್ಟುಡಿಯೋ ಸೇರಿದರು. ಅದು ಅವರಿಗೆ ಸಾಧ್ಯವಿತ್ತು. ನಮ್ಮಲ್ಲಿ ಒಂದು ಸ್ವತಂತ್ರ ಕನ್ನಡ ಬ್ಯಾಂಡಿನ ಊಟ ನಡೆಯುವುದು ಶೋಗಳಿಂದ. ಬಿಡುವ ಪ್ರಶ್ನೆಯೇ ಇಲ್ಲ, ಸರಿ ಮಾಡಿಕೊಳ್ಳಲೇಬೇಕು.

ತೆಗೆದುಕೊಂಡ ತೀರ್ಮಾನಗಳು

ಅತಿ ಕಷ್ಟದ್ದು ಶ್ರುತಿ ಇಳಿಸುವುದು. ಆಲ್ಬಂನ ಹೆಚ್ಚಿನ ಹಾಡುಗಳು ಗಾಯಕರ ಕಂಠದ ತುತ್ತತುದಿಯಲ್ಲಿ ಇದ್ದವು. ಕೋಣೆಯಲ್ಲಿ ಒಂದೊಂದೇ ಸಾಲು ಹಾಡುವಾಗ ಅದು ನಡೆಯುತ್ತದೆ. ಒಂದೂವರೆ ಗಂಟೆ ನಿಂತು ಹಾಡುವಾಗ ಆಗುವುದಿಲ್ಲ. ಮೂರು ಸ್ವರಸ್ಥಾನ ಇಳಿಸೋಣ ಅಂದೆ, ಎಫ್ ಶ್ರುತಿಯ ಹಾಡು ಡಿ ಶ್ರುತಿಗೆ. ಗಾಯಕರು ಒಪ್ಪಲಿಲ್ಲ. ಅಭಿಮಾನಿಗಳಿಗೆ ಗೊತ್ತಾಗುತ್ತದೆ, ಸೋತ ಅಂದುಕೊಳ್ಳುತ್ತಾರೆ ಅನ್ನುವ ಅಳುಕು. ನನಗೆ ಅದು ಅರ್ಥವಾಗುತ್ತದೆ. ಕಂಠ ಅವರ ಮರ್ಯಾದೆಯ ವಿಷಯ. ಕೊನೆಗೆ ಎರಡೇ ಹಾಡನ್ನು ಇಳಿಸಿ ನೋಡೋಣ ಅಂತಾಯಿತು.

ಇಳಿಸಿದ ಕೂಡಲೇ ಕೊಳಲಿನವರಿಗೆ ಕೆಲಸ ಬಿತ್ತು. ಗಿಟಾರಿನ ತಂತಿ ಸಡಿಲಿಸಬಹುದು, ಬಿದಿರಿಗೆ ಹಾಗೆ ಮಾಡಲು ಆಗಲ್ಲ ಅಲ್ವಾ? ಉದ್ದದ ಬೇರೆ ಕೊಳಲು ಬೇಕು. ಬೆರಳಿನ ಅಂತರ ಬದಲು, ಉಸಿರಿನ ಅಳತೆ ಬದಲು. ವೇಗದ ಗಮಕಗಳು ಮೊದಲಿನ ಹಾಗೆ ಬರಲಿಲ್ಲ. ಅವರು ಆ ಜಾಗಗಳನ್ನು ಬಿಟ್ಟು ಉದ್ದದ ಸ್ವರ ಹಿಡಿದರು. ಹಾಡು ತಾನಾಗಿಯೇ ನಿಧಾನವಾಯಿತು, ಮಾತಿಗೆ ಜಾಗ ಸಿಕ್ಕಿತು. ಇದನ್ನು ಯಾರೂ ಮೊದಲೇ ಯೋಜಿಸಿದ್ದಲ್ಲ.

ಎರಡನೇ ತೀರ್ಮಾನ ದುಡ್ಡಿನದು. ತಮ್ಮದೇ ಸೌಂಡ್ ಇಂಜಿನಿಯರ್ ಒಬ್ಬರನ್ನು ಇಟ್ಟುಕೊಳ್ಳುವುದು, ಪ್ರತಿ ಶೋದಲ್ಲೂ ಅವರಿಗೆ ಆರನೆಯ ಸಮಪಾಲು. ಇದಕ್ಕೆ ಬಹಳ ಚರ್ಚೆ ನಡೆಯಿತು. ಬರುವುದೇ ಕಡಿಮೆ, ಅದರಲ್ಲೂ ಪಾಲು ಅಂದರೆ ಯಾರಿಗೆ ಖುಷಿ? ಆದರೆ ಎರಡನೇ ಚರಣದಲ್ಲಿ ಕೊಳಲು ತಗ್ಗಬೇಕು, ಮೂರನೆಯದರಲ್ಲಿ ಕಂಠ ಮುಂದೆ ಬರಬೇಕು ಅಂತ ಹಾಡು ಗೊತ್ತಿರುವವರಿಗೆ ಮಾತ್ರ ತಿಳಿಯುತ್ತದೆ. ಆ ಊರಿನ ಸೌಂಡಿನವರು ಎಷ್ಟೇ ಒಳ್ಳೆಯವರಾಗಿರಲಿ, ಅವರು ಆ ಹಾಡನ್ನು ಆವತ್ತೇ ಮೊದಲು ಕೇಳುತ್ತಿರುತ್ತಾರೆ. ಹಾಗಾಗಿ ಹೊಸ ಗಿಟಾರ್, ಹೊಸ ಲೈಟ್, ಹೊಸ ಬಟ್ಟೆಗಿಂತ ಮೊದಲ ದುಡ್ಡು ಇಲ್ಲಿಗೆ ಹೋಗಬೇಕು ಅಂತ ನಾನು ಈಗಲೂ ವಾದಿಸುತ್ತೇನೆ.

ವೇದಿಕೆಯ ಸದ್ದು ಇಳಿಸಿದ್ದು ಸುಲಭವಾಗಿ ಆಯಿತು. ದಪ್ಪ ಕೋಲಿನ ಬದಲು ಸಣ್ಣ ಕಡ್ಡಿಗಳ ಕಟ್ಟಿನಿಂದ ಡ್ರಮ್ಸ್ ನುಡಿಸಿದರು. ಗಿಟಾರ್ ಆಂಪನ್ನು ಅಡ್ಡ ತಿರುಗಿಸಿಟ್ಟರು. ಗಾಯಕರಿಗೂ ಡ್ರಮ್ಸ್‌ನವರಿಗೂ ಕಿವಿಯೊಳಗಿನ ಮಾನಿಟರ್ ಬಂತು. ತಮಟೆಗೆ, ಒಳಾಂಗಣದ ಶೋಗೆ ಫೈಬರಿನದು, ಬಯಲಿನ ಶೋಗೆ ಚರ್ಮದ್ದು. ಚರ್ಮದ್ದನ್ನು ಕಾಯಿಸಲು ವೇದಿಕೆಯಿಂದ ದೂರ ಒಂದು ಜಾಗ, ಕಬ್ಬಿಣದ ಬಾಣಲೆ, ಪಕ್ಕದಲ್ಲಿ ನೀರು ಮತ್ತು ಮರಳು ಬೇಕು ಅಂತ ಒಪ್ಪಂದದಲ್ಲೇ ಬರೆಸಿದರು. ಅದೇ ಒಪ್ಪಂದದಲ್ಲಿ ಸೌಂಡ್ ಚೆಕ್ಕಿನ ಹೊತ್ತೂ ಸೇರಿತು. ಭಾಷಣ ಉದ್ದವಾದರೆ ಹಾಡಲು ಮುಕ್ಕಾಲು ಗಂಟೆಯ ಬೇರೆ ಪಟ್ಟಿ ಸಿದ್ಧ ಇಟ್ಟುಕೊಂಡರು. ಮೊದಲು ಒಂದೂವರೆ ಗಂಟೆಯ ಹಾಡುಗಳನ್ನು ಮುಕ್ಕಾಲು ಗಂಟೆಯಲ್ಲಿ ತುರುಕುತ್ತಿದ್ದರು.

ಟ್ರ್ಯಾಕ್ ಬಹುತೇಕ ಹೋಯಿತು. ಹಿನ್ನೆಲೆಯಲ್ಲಿ ಒಂದೇ ಸಮ ಮೊಳಗುವ ಶ್ರುತಿಯ ನಾದ ಮಾತ್ರ ಉಳಿಯಿತು. ಅದು ಎಷ್ಟು ಹೊತ್ತು ಬೇಕಾದರೂ ನಿಲ್ಲುತ್ತದೆ, ಯಾರನ್ನೂ ಓಡಿಸುವುದಿಲ್ಲ. ಹದಿನಾಲ್ಕು ಪದರಗಳ ಒಂದು ಹಾಡನ್ನು ಏಕತಾರಿ, ಕಂಠ, ಕೊನೆಗೆ ಬರುವ ತಮಟೆ, ಇಷ್ಟಕ್ಕೇ ಇಳಿಸಿ ಕಟ್ಟಿದರು. ಎರಡು ಹಾಡುಗಳಿಗೆ ಏನು ಮಾಡಿದರೂ ಐದು ಜನರ ರೂಪ ಸಿಗಲಿಲ್ಲ. ಅವನ್ನು ಶೋದಿಂದ ತೆಗೆದರು. ಅದರಲ್ಲೊಂದು ಅವರ ಅತಿ ಹೆಚ್ಚು ಜನ ಕೇಳಿರುವ ಹಾಡು. ಅದನ್ನು ಬಿಡಲು ತುಂಬ ಧೈರ್ಯ ಬೇಕಾಯಿತು.

ಆಮೇಲೆ ಆದದ್ದು

ಒಂದೇ ಸಲಕ್ಕೆ ಎಲ್ಲ ಸರಿಹೋಗಲಿಲ್ಲ. ಬದಲಾದ ಮೇಲೆ ನಡೆದ ಮೊದಲ ಶೋ ಒಂದು ಸಭಾಂಗಣದಲ್ಲಿ. ಖಾಲಿ ಸಭಾಂಗಣದಲ್ಲಿ ಸೌಂಡ್ ಚೆಕ್ ಮಾಡಿದ್ದರು. ಜನ ತುಂಬಿದ ಮೇಲೆ ಮೇಲಿನ ಸ್ವರಗಳನ್ನು ಮೈ, ಬಟ್ಟೆ ಎಲ್ಲ ಹೀರಿಕೊಂಡವು, ದನಿ ಮಂಕಾಯಿತು. ಇಂಜಿನಿಯರ್ ಎರಡನೇ ಹಾಡಿನೊಳಗೆ ತಿದ್ದಿದರು. ಕೆಲವರು ಮೊದಲಿನ ಅಬ್ಬರ ಇಲ್ಲ ಅಂದರು. ಒಬ್ಬ ಆಯೋಜಕರು ಜನ ಕುಣಿಯಲ್ಲ ಅಂತ ಮತ್ತೆ ಕರೆಯಲೇ ಇಲ್ಲ. ಆ ವರ್ಷ ಆದಾಯ ಇಳಿಯಿತು. ಇದನ್ನು ಮುಚ್ಚಿಟ್ಟರೆ ಈ ಬರಹ ಓದಿ ಹೆಜ್ಜೆ ಇಡುವವರಿಗೆ ಅನ್ಯಾಯವಾಗುತ್ತದೆ.

ಶ್ರುತಿ ಇಳಿಸಿದ್ದರ ಬಗ್ಗೆ ಒಬ್ಬ ಅಭಿಮಾನಿಯೂ ಮಾತೆತ್ತಲಿಲ್ಲ. ಈ ಸಲ ಸಾಹಿತ್ಯ ಚೆನ್ನಾಗಿ ಕೇಳಿತು ಅಂದರು. ಕೆಲವು ಶೋ ಆದ ಮೇಲೆ ಗಾಯಕರೇ ಉಳಿದ ಹಾಡುಗಳನ್ನೂ ಇಳಿಸೋಣ ಅಂದರು.

ಉತ್ತರ ಕರ್ನಾಟಕದ ಒಂದು ಊರಿನಲ್ಲಿ ಮತ್ತೆ ಅಂಥದ್ದೇ ಪಲ್ಲವಿಯ ಪ್ರಸಂಗ ಬಂತು. ಜನ ಎತ್ತಿಕೊಂಡರು, ಬಿಡಲಿಲ್ಲ. ಗಾಯಕರು ಮೈಕಿನಿಂದ ಹಿಂದೆ ಸರಿದು ಡ್ರಮ್ಸ್ ಕಡೆ ನೋಡಿದರು. ಡ್ರಮ್ಸ್ ನಿಂತಿತು, ತಮಟೆ ಮಾತ್ರ ನಡೆಯಿತು. ಮುಂದೆ ಕೂತಿದ್ದ ಒಬ್ಬ ಹಿರಿಯರು, ಭಜನೆ ಮೇಳದಲ್ಲಿ ಹಾಡುವವರಿರಬೇಕು, ಪಲ್ಲವಿಯನ್ನು ಬೇರೆಯೇ ಇಳಿತದಲ್ಲಿ ಎತ್ತಿದರು. ಕೊಳಲಿನವರು ಅದನ್ನು ಹಿಡಿದು ನುಡಿಸಿದರು. ಆ ಇಳಿತ ಈಗ ಹಾಡಿನಲ್ಲೇ ಉಳಿದಿದೆ. ನನ್ನ ಕೆಲಸದಲ್ಲಿ ಇಷ್ಟು ಖುಷಿ ಕೊಟ್ಟ ಕ್ಷಣಗಳು ಕಡಿಮೆ.

ಎರಡನೇ ಆಲ್ಬಂಗೆ ಅವರು ಕ್ರಮವನ್ನೇ ತಿರುಗಿಸಿದರು. ಹೊಸ ಹಾಡುಗಳನ್ನು ಮೊದಲು ತಿಂಗಳುಗಟ್ಟಲೆ ಶೋಗಳಲ್ಲಿ ಹಾಡಿದರು. ಜನ ಎಲ್ಲಿ ಫೋನ್ ನೋಡುತ್ತಾರೆ, ಎಲ್ಲಿ ಜೊತೆಗೆ ಹಾಡುತ್ತಾರೆ ಅಂತ ಇಂಜಿನಿಯರ್ ಮಿಕ್ಸರ್ ಹತ್ತಿರ ಕೂತು ಬರೆದುಕೊಳ್ಳುತ್ತಿದ್ದರು. ಒಂದು ಹಾಡಿನ ಒಂದು ಚರಣ ಹಾಗೇ ಬಿದ್ದುಹೋಯಿತು. ಆಮೇಲೆ ಐವರೂ ಒಂದೇ ಕೋಣೆಯಲ್ಲಿ ನಿಂತು ರೆಕಾರ್ಡ್ ಮಾಡಿದರು. ಡ್ರಮ್ಸಿನ ಸದ್ದು ಕಂಠದ ಮೈಕಿಗೂ ಸ್ವಲ್ಪ ಸೇರಿದೆ, ಹಾಗೇ ಬಿಟ್ಟಿದ್ದಾರೆ.

ಕೈಬಿಟ್ಟ ಆ ಜನಪ್ರಿಯ ಹಾಡನ್ನು ಈಗಲೂ ಪ್ರತಿ ಶೋದಲ್ಲಿ ಯಾರಾದರೂ ಕೂಗಿ ಕೇಳುತ್ತಾರೆ. ಅದನ್ನು ಇನ್ನೂ ಐದು ಜನಕ್ಕೆ ಕಟ್ಟಲು ಆಗಿಲ್ಲ ಅಂತ ಗಾಯಕರು ವೇದಿಕೆಯಿಂದಲೇ ನೇರವಾಗಿ ಹೇಳುತ್ತಾರೆ. ಏಕತಾರಿ ಮತ್ತು ಉದ್ದದ ಕೊಳಲಿನ ಒಂದು ರೂಪವನ್ನು ಈಗ ಅಭ್ಯಾಸದಲ್ಲಿ ಹಾಡಿ ನೋಡುತ್ತಿದ್ದಾರೆ. ಪಲ್ಲವಿ ಚೆನ್ನಾಗಿ ಕೂತಿದೆ, ಎರಡನೇ ಚರಣ ಇನ್ನೂ ಕೂತಿಲ್ಲ.